ದೇವಕಿಯ ಅಪ್ಪನ ತಂತಿ

ನಿನ್ನ ಅಪ್ಪ ಯುದ್ಧದಲ್ಲಿ ತೀರಿಕೊಂಡರೆಂಬ ತಂತಿ ನೀನು ಸಾಗರದಿಂದ ಗೆದ್ದು ಬಂದ ದಿನ ಬಂದದ್ದಲ್ಲ, ದೇವಕಿ. ಅದಕ್ಕೆ ಎರಡು ದಿನ ಮೊದಲೇ ಬಂದಿತ್ತು. ನನ್ನ ಅಂಗಿಯ ಜೇಬಿನಲ್ಲಿತ್ತು.

ಅರವತ್ತೈದನೆಯ ಇಸವಿ. ನಾನು ಹೊಸನಗರದಲ್ಲಿ ನಿನ್ನ ಡ್ರಿಲ್ ಮೇಷ್ಟ್ರು, ನಿನಗೆ ಹದಿಮೂರು. ಯುದ್ಧದ ಆ ದಿನಗಳಲ್ಲಿ ಅಕ್ಕಿಗೆ ಬರ. ನೀನು ಬೆಳಗಾಗುತ್ತಲೇ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು, ಸಿಕ್ಕಷ್ಟನ್ನು ಮೂರು ಮೈಲಿ ದೂರದ ಮನೆಗೆ ಮುಟ್ಟಿಸಿ, ಮತ್ತೆ ಶಾಲೆಗೆ ಓಡಿ ಬರುತ್ತಿದ್ದೆ. ಬರುವಾಗ ಹಾಜರಿ ಮುಗಿದಿರುತ್ತಿತ್ತು. ತಡವಾದದ್ದಕ್ಕೆ ನಾನು ನಿನ್ನನ್ನು ಮೈದಾನ ಸುತ್ತಿಸುತ್ತಿದ್ದೆ — ಊಟ ಮಾಡಿದ್ದೀಯಾ ಎಂದು ಒಂದು ದಿನವೂ ಕೇಳದೆ. ಆಮೇಲೆ ಆ ಶಿಕ್ಷೆಗೇ ತರಬೇತಿ ಎಂದು ಹೆಸರಿಟ್ಟೆ.

ಸಾಗರದ ಕ್ರೀಡಾಕೂಟಕ್ಕೆ ಹೊರಡುವ ಹಿಂದಿನ ದಿನ ಅಂಚೆಯವನು ಶಾಲೆಗೆ ಬಂದ. ನಿನ್ನ ಅಮ್ಮನಿಗೆ ಓದು ಬಾರದು, ನೀವೇ ಹೋಗಿ ಹೇಳಿ ಎಂದು ತಂತಿಯನ್ನು ನನ್ನ ಕೈಗಿಟ್ಟ. ಹೇಳಬೇಕೆಂದೇ ಹೊರಟೆ — ಹೌದು, ಹೊರಟದ್ದು ನಿಜ. ಆದರೆ ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ನಾನೂರು ಮೀಟರ್ ಓಟ. ನೀನು ಗೆದ್ದರೆ ನನಗೆ ಶಿವಮೊಗ್ಗೆಗೆ ವರ್ಗ ಸಿಗಬಹುದೆಂಬ ಆಸೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

ನಿನ್ನ ಅಮ್ಮ ಅಂಗಳಕ್ಕೆ ಬಂದು ಇನ್‌ಲ್ಯಾಂಡ್ ಕಾಗದವೊಂದನ್ನು ಚಾಚಿದರು.

"ನಮ್ಮನೆಯವ್ರಿಗೆ ಎರಡು ಸಾಲು ಬರ್ಕೊಡಿ ಮೇಷ್ಟ್ರೇ. ಮಗಳು ಸಾಗರಕ್ಕೆ ಓಡಾಕೆ ಹೋಗ್ತಾಳೆ ಅಂತ ಬರೀರಿ. ಅವ್ರಿಗೆ ಖುಷಿಯಾಗ್ತದೆ."

ನಾನು ಜಗಲಿಯ ಮೇಲೆ ಕೂತು ಬರೆದೆ. ಜೇಬಿನಲ್ಲಿ ತಂತಿ, ತೊಡೆಯ ಮೇಲೆ ಸತ್ತವನಿಗೆ ಕಾಗದ — ಆದರೂ, ದೇವಕಿ, ಅಕ್ಷರ ದುಂಡಗೆ ಬಂತು. ಮರುದಿನ ಸಾಗರದ ಬಸ್ ನಿಲ್ದಾಣದಲ್ಲಿ ನೀನು ನೀರು ಕುಡಿಯಲು ಹೋದಾಗ ಆ ಕಾಗದವನ್ನು ಹರಿದು ಹಾಕಿದೆ.

ನೀನು ಗೆದ್ದೆ. ಅದರ ಮರುದಿನ ಊರಿಗೆ ಮರಳಿದೊಡನೆ ನಿನ್ನ ಮನೆಗೆ ಬಂದು, ತಂತಿ ಈಗಷ್ಟೇ ಬಂತು ಎಂದು ಓದಿ ಹೇಳಿದೆ. ನಿನ್ನ ಅಮ್ಮ ನನ್ನನ್ನು ಕೇಳಿದ್ದು ಒಂದೇ: "ನಮ್ ಕಾಗ್ದ ಮುಟ್ಟಿತ್ತಾ ಮೇಷ್ಟ್ರೇ?" ಮುಟ್ಟಿರಬಹುದು ಎಂದೆ. ಆಕೆ ಸಾಯುವವರೆಗೂ ಅದನ್ನೇ ನಂಬಿದ್ದರು.

ಹೋದ ತಿಂಗಳು ತೀರ್ಥಹಳ್ಳಿಯಲ್ಲಿ ನಿನಗೆ ಸನ್ಮಾನವಾಯಿತು. ಯುದ್ಧಕಾಲದ ಹಸಿವೇ ಈ ಓಟಗಾರ್ತಿಯನ್ನು ಗಟ್ಟಿ ಮಾಡಿತೆಂದು ಒಬ್ಬೊಬ್ಬರೂ ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಯಾವ ಹಸಿವು ಯಾರನ್ನು ಗಟ್ಟಿ ಮಾಡಿತು? ನಿನ್ನ ತಟ್ಟೆಗೆ ತನ್ನ ಪಾಲಿನ ಗಂಜಿ ಸುರಿದು ತಾನು ಬರೀ ನೀರು ಕುಡಿದವಳು ನಿನ್ನ ಅಮ್ಮ — ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಅಪ್ಪನ ಸುದ್ದಿ ತಿಳಿದ ಮೂರನೆಯ ದಿನ ಮತ್ತೆ ಸಾಲಿನಲ್ಲಿ ನಿಂತವಳು ನೀನು. ನಿಮ್ಮಿಬ್ಬರ ಶಕ್ತಿಯನ್ನು ಯುದ್ಧದ ಲೆಕ್ಕಕ್ಕೆ, ನನ್ನ ಲೆಕ್ಕಕ್ಕೆ ಬರೆಯುವ ಈ ಜನರಿಗೆ ನಾಚಿಕೆಯಿಲ್ಲ. ಅವರ ನಡುವೆ ಶಾಲು ಹೊದ್ದು ಕೂತಿದ್ದ ನನಗೆ ಮೊದಲೇ ಇರಲಿಲ್ಲ.

ಮೈಕಿನ ಮುಂದೆ ನೀನು, "ನಮ್ ಮೇಷ್ಟ್ರು ಇಲ್ದಿದ್ರೆ ನಾನಿಲ್ಲ" ಎಂದೆ. ನಾನು ಆಗಲೇ ಎದ್ದು ನಿಲ್ಲಬೇಕಿತ್ತು — ನಿಲ್ಲಲಿಲ್ಲ.

ಎರಡು ದಿನ ನಿನ್ನ ಅಪ್ಪನಿಗಾಗಿ ಅಳುವ ಹಕ್ಕನ್ನು ನಿಮ್ಮಿಂದ ಕಸಿದೆ. ಅದನ್ನು ಹಿಂದಿರುಗಿಸಲಾರೆ. ಈ ಬರಹವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ನಾನೇ ತಂದು, ನಿನ್ನೆದುರು ನಿಂತು ಓದುತ್ತೇನೆ. ಕ್ಷಮಿಸು ಎನ್ನುವುದಿಲ್ಲ. ನೀನು ಏನು ಕೇಳಿದರೂ ನಿಜ ಹೇಳುತ್ತೇನೆ.