ಸುತ್ತಿಗೊಂದಿಷ್ಟು ಹೆಚ್ಚಿದ ತೂಕ

ಓಡುವ ಗಾಡಿಯ ತೂಕವನ್ನು ನಿಲ್ಲಿಸದೆಯೇ ಹೇಳುವ ಸೆನ್ಸರ್ ಪಟ್ಟಿಗಳನ್ನು ವಸ್ತಾರೆ ಹತ್ತಿರ ರಸ್ತೆಯೊಳಗೆ ಹೂತಿದ್ದೆವು. ಪರೀಕ್ಷೆಗೆಂದು ಒಂದು ಪಿಕಪ್‌ಗೆ ಮರಳಿನ ಚೀಲ ಹೇರಿ ಮೊದಲೇ ತೂಗಿಸಿದ್ದೆವು. ಅದನ್ನು ಪಟ್ಟಿಯ ಮೇಲೆ ಮತ್ತೆ ಮತ್ತೆ ಓಡಿಸುವುದಷ್ಟೇ ಡ್ರೈವರ್ ಮಂಜಣ್ಣನವರ ಕೆಲಸ.

ನಾನು ರಸ್ತೆ ಬದಿಯಲ್ಲಿ ಲ್ಯಾಪ್‌ಟಾಪ್ ನೋಡುತ್ತ ಕೂತಿದ್ದೆ. ಮೊದಲ ಸುತ್ತಲ್ಲಿ ತೂಕ ಸರಿಯಾಗಿ ಬಂತು. ಎರಡನೇ ಸುತ್ತಿಗೆ ಹೆಚ್ಚಾಯಿತು, ಮೂರನೆಯದಕ್ಕೆ ಇನ್ನೂ ಹೆಚ್ಚು. ಸಾಹೇಬರು ಫೋನಲ್ಲಿ, "ಸರಿಯಿಲ್ಲದಿದ್ರೆ ಅಗೆದು ತೆಗೀರಿ" ಅಂದುಬಿಟ್ಟರು. ತಲೆಕೆಟ್ಟು ಗಾಡಿ ನಿಲ್ಲಿಸಿ ಹಿಂದೆ ನೋಡಿದರೆ, ಚೀಲಗಳ ಮೇಲೆ ಇಬ್ಬರು ಹೆಂಗಸರು, ಮಧ್ಯೆ ದೊಡ್ಡದೊಂದು ಹಲಸಿನಹಣ್ಣು!

"ಏನು ಮಂಜಣ್ಣ ಇದು?"

"ಕೈ ಅಡ್ಡ ಹಾಕಿದ್ರು. ಗುರುತಿನವ್ರು, ಬಿಟ್ಟು ಹೋಗೋಕಾಗುತ್ತಾ ಮಾರಾಯ್ರೆ?"

"ನೀವು ಆ ತಿರುವಲ್ಲೇ ವಾಪಸ್ ತಿರುಗಿಸ್ತೀರಲ್ಲ, ಇವ್ರು ಎಲ್ಲಿಗೆ ಹೋಗ್ಬೇಕು?"

"ಮೂಡಿಗೆರೆಗೆ." ಮಂಜಣ್ಣ ದನಿ ತಗ್ಗಿಸಿದರು. "ಮೊದ್ಲು ಹತ್ತಿದವ್ರನ್ನ ಆಗ್ಲೇ ಒಂದ್ಸಲ ತಿರುಗಿಸಿ ತಂದಾಯ್ತು. ಯಾಕಂತ ಇನ್ನೂ ಹೇಳಿಲ್ಲ."

ಅಷ್ಟರಲ್ಲಿ ಹಿರಿಯಾಕೆ ನನ್ನ ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡಿ, "ತೂಕದ ಮಿಷಿನ್ನಾ? ಹಣ್ಣಿನ ತೂಕನೂ ನನ್ನ ಲೆಕ್ಕಕ್ಕೆ ಹಾಕ್ಬೇಡಿ ಮತ್ತೆ!" ಅಂದರು.

ಮಿಷಿನ್ ಸರಿಯಾಗಿಯೇ ಇತ್ತು. ಮಂಜಣ್ಣ ಅವರಿಬ್ಬರನ್ನೂ ಮೂಡಿಗೆರೆಗೆ ಬಿಟ್ಟು ಬರುವ ತನಕ ಪರೀಕ್ಷೆ ಮಾತ್ರ ನಿಂತಿತ್ತು. ಯಾಕೆ ತಡ ಎಂದು ಸಾಹೇಬರು ಮತ್ತೆ ಫೋನ್ ಮಾಡಿದಾಗ, ಸುಡುಬಿಸಿಲಲ್ಲಿ ನಿಂತುಕೊಂಡೇ, "ಇಲ್ಲಿ ಜೋರು ಮಳೆ ಸಾರ್" ಅಂದೆ.