ಮಾತಾಡ್ತಾ ನಡೀರಿ!

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ನೆಲಮಹಡಿಯ ವ್ಯಾಯಾಮದ ಕೋಣೆಯಲ್ಲಿ ಅಕ್ಕ ಟ್ರೆಡ್‌ಮಿಲ್‌ನ ಹಿಡಿಕೆ ಒರೆಸುತ್ತಿದ್ದಾರೆ. ಹೃದಯಾಘಾತದಿಂದ ಬದುಕಿ ಬಂದವರನ್ನು ಮತ್ತೆ ನಡೆಸುವುದು ಅವರ ಕೆಲಸ. ಎಂಬತ್ತರ ಅಜ್ಜನಿಗೂ ಅವರು ಅಕ್ಕನೇ. ಕೈ ಸುಮ್ಮನಿರುವುದಿಲ್ಲ, ಬಾಯಂತೂ ಕೇಳಲೇಬೇಡಿ!

ಮೊದಲು ಬರುವವರು ಬಸ್ ಡ್ರೈವರ್. ಹೆಂಡತಿ, ಮಗಳು ಮೂರನೇ ಮಹಡಿಯ ಸ್ವಂತ ಮನೆಯಲ್ಲಿ. ಇವರು ಮಾತ್ರ ತಮ್ಮನ ಮನೆಯ ಕೆಳಗಿನ ಕೋಣೆಯಲ್ಲಿ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದಲ್ಲ, ಆ ದಿಗಿಲು.

"ನೋಡಿ ಅಕ್ಕ, ಬಡಿತ ಏರೇ ಇಲ್ಲ!" ಎಂದು ಅವರು ಯಂತ್ರದ ಮೇಲೆ ಬೀಗುತ್ತಾರೆ. ಅಕ್ಕನ ಕಣ್ಣು ಅವರ ಕೈ ಮೇಲೆ. ಮೈಭಾರವೆಲ್ಲ ಹಿಡಿಕೆಗೆ ಹಾಕಿ, ಕಾಲು ಆಡಿಸುತ್ತಿದ್ದಾರೆ ಮಹಾನುಭಾವರು.

"ನಡೀತಿದ್ದೀರೋ, ನೇತಾಡ್ತಿದ್ದೀರೋ? ಕೈ ಬಿಡಿ!"

"ಬಡಿತ ಜಾಸ್ತಿಯಾಗಿ ನಿಂತೇಹೋದ್ರೆ?"

"ದಿಣ್ಣೆ ಹತ್ತುವಾಗ ನಿಮ್ಮ ಬಸ್ಸು ಗುರ್ ಅನ್ನಲ್ವಾ? ಕೆಟ್ಟೋಯ್ತು ಅಂತ ಇಳಿದುಬಿಡ್ತೀರಾ?"

ಆರೋಗ್ಯವಂತರಿಗೆ ಇನ್ನೂರಿಪ್ಪತ್ತರಲ್ಲಿ ವಯಸ್ಸು ಕಳೆದರೆ ಬಡಿತದ ಮೇಲ್ಮಿತಿ ಅಂದಾಜಾಗಿ ಸಿಗುತ್ತದೆ. ಹದವಾದ ವ್ಯಾಯಾಮದಲ್ಲಿ ಅದರ ಅರ್ಧದಿಂದ ಮುಕ್ಕಾಲಿನ ಹತ್ತಿರಕ್ಕೆ ಹೋಗುವುದು ಸಹಜ. ಇಲ್ಲಿಯವರ ಬಡಿತವನ್ನು ಮಾತ್ರೆಗಳು ತಗ್ಗಿಸಿರುತ್ತವೆ, ಹಾಗಾಗಿ ಡಾಕ್ಟರು ಒಬ್ಬೊಬ್ಬರಿಗೂ ಬೇರೆ ಮಿತಿ ಹಾಕುತ್ತಾರೆ. ಆ ಮಿತಿಯ ಜೊತೆಗೆ ಅಕ್ಕನದೊಂದು ಅಳತೆ ಇದೆ. "ಹಾಡೋಕಾಯ್ತು ಅಂದ್ರೆ ಸೋಮಾರಿ ನಡಿಗೆ. ಮಾತೇ ಹೊರಡ್ಲಿಲ್ಲ ಅಂದ್ರೆ ನಿಲ್ಲಿ. ಎದೆ ನೋವು, ತಲೆಸುತ್ತು ಅಂದ್ರೂ ನಿಲ್ಲಿ." ಎಲ್ಲರೂ ಮಾತಾಡುತ್ತಲೇ ನಡೆಯಬೇಕು, ಹಾಗಾಗಿ ಈ ಕೋಣೆಯಲ್ಲಿ ಸೊಸೆಯಂದಿರ ಮೇಲಿನ ದೂರಿಗೆ ಬರವಿಲ್ಲ.

ದಿನವಿಡೀ ಎಲ್ಲರ ಪಕ್ಕದಲ್ಲಿ ನಿಂತು, ನಡೆದು, ಅಕ್ಕನ ಮಂಡಿ ಸಂಜೆಗೆ ಊದುತ್ತದೆ. "ವಾಸಿಯಾದ್ಮೇಲೆ ಸಿಹಿ ಡಾಕ್ಟರಿಗೆ, ಬೈಗುಳ ನನಗೆ," ಎಂದು ನಗುತ್ತಾರೆ.

ಡ್ರೈವರಿಗೆ ಡಾಕ್ಟರು ಮೆಟ್ಟಿಲು ಹತ್ತಲೂ ಒಪ್ಪಿಗೆ ಕೊಟ್ಟಿದ್ದಾರೆ. ಇವತ್ತು ಅದೇ ಪರೀಕ್ಷೆ. ಮೊದಲ ಮಹಡಿಯಲ್ಲೇ ಡ್ರೈವರ್ ಕೈ ಎದೆಗೆ ಹೋಗುತ್ತದೆ.

"ನೋವಾ?"

"ಇಲ್ಲ... ಹೊಡ್ಕೊಳ್ತಿದೆ."

ಅವರ ಬೆರಳಿಗೆ ಸಿಕ್ಕಿಸಿದ, ಬಡಿತ ತೋರಿಸುವ ಪುಟ್ಟ ಯಂತ್ರವನ್ನು ಅಕ್ಕ ನೋಡುತ್ತಾರೆ. ಮಿತಿಯೊಳಗೇ ಇದೆ. "ಹೊಡ್ಕೊಳ್ಳಲಿ, ಅದರ ಕೆಲಸವೇ ಅದು. ನಿಮ್ಮ ಬಸ್ಸಿನ ಸ್ಟಾಪುಗಳನ್ನ ಒಂದೊಂದಾಗಿ ಹೇಳಿ ನೋಡೋಣ."

"ನೀರಿನ ಟ್ಯಾಂಕು... ಕಾಲೇಜು... ಹಳೇ ಸೇತುವೆ..." ಏದುಸಿರಿನ ನಡುವೆಯೂ ಮಾತು ನಿಲ್ಲುವುದಿಲ್ಲ. ಮೂರನೇ ಮಹಡಿ ಬರುತ್ತದೆ. ಕುರ್ಚಿಯಲ್ಲಿ ಕೂತ ಮೇಲೆ ಬಡಿತ ತಾನಾಗಿ ಇಳಿಯುವುದನ್ನು ಕಂಡು ಡ್ರೈವರ್ ಕಣ್ಣು ತುಂಬಿಕೊಳ್ಳುತ್ತಾರೆ. ಹೆಂಡತಿಗೆ ಫೋನ್ ಮಾಡುತ್ತಾರೆ: "ಇವತ್ತು ಮನೆಗೇ ಬರ್ತೀನಿ ಕಣೇ. ಮೇಲಕ್ಕೆ."

ಅಕ್ಕನಿಗೇನು ಬೇಕು? ಕೇಳಿದರೆ ಮಂಡಿ ನೀವಿಕೊಳ್ಳುತ್ತಾ ಹೇಳುತ್ತಾರೆ: "ಇವರೆಲ್ಲ ಎಲ್ಲಾದ್ರೂ ಸಿಕ್ಕಾಗ ನನ್ನ ಗುರುತು ಹಿಡೀದಿದ್ರೂ ಬೇಜಾರಿಲ್ಲ. ಲಿಫ್ಟ್ ಮುಂದೆ ಕಾಯ್ತಾ ನಿಂತಿರೋದು ಮಾತ್ರ ನನ್ನ ಕಣ್ಣಿಗೆ ಬೀಳಬಾರದು, ಅಷ್ಟೆ."