ಕಂಡಕ್ಟರಮ್ಮ ತಟ್ಟೆ ಬಿಡಲಿಲ್ಲ

ಆ ವೃದ್ಧರ ಆರೈಕೆ ಮನೆಗೆ ಕಂಡಕ್ಟರಮ್ಮ ಬಂದದ್ದು ತಾವಾಗಿಯೇ. ಸೊಂಟದ ಮೂಳೆ ಮುರಿದು ಆಸ್ಪತ್ರೆಯಿಂದ ಹೊರಬಿದ್ದಾಗ, ಜೊತೆಗಿದ್ದ ತಂಗಿಗೂ ಮಂಡಿನೋವು. "ನೀನು ನನ್ನ ಎತ್ತೋಕೆ ಬಂದ್ರೆ ಇಬ್ರೂ ಬೀಳ್ತೀವಿ ಕಣೆ, ಆಮೇಲೆ ನಮ್ಮನ್ನ ಎತ್ತೋರ್‍ಯಾರು?" ಎಂದು ನಕ್ಕು, ತಾವೇ ತೀರ್ಮಾನಿಸಿ ಪೆಟ್ಟಿಗೆ ಕಟ್ಟಿಸಿದ್ದರು. ಮದುವೆಯ ಗೋಜಿಗೆ ಹೋಗದೆ ಜೀವಮಾನವೆಲ್ಲ ನಗರದ ಬಸ್ಸಿನಲ್ಲಿ ಟಿಕೆಟ್ ಹರಿದವರು. ಕಂಠವೋ, ಮುಂದಿನ ಬಾಗಿಲಲ್ಲಿ ನಿಂತು ಗದರಿದರೆ ಹಿಂದಿನ ಸೀಟಿನವನು ತೆಪ್ಪಗೆ ಕಾಲು ಮಡಚಬೇಕು, ಅಂಥದ್ದು. ಬಸ್ಸು ಬಿಟ್ಟು ವರ್ಷಗಳಾಗಿದ್ದರೂ ಹೆಸರು ಮಾತ್ರ ಅವರನ್ನು ಬಿಟ್ಟಿರಲಿಲ್ಲ.

ಕೋಣೆಯ ಇನ್ನೊಂದು ಮಂಚ ಟೈಲರಕ್ಕನದು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಬದುಕಿದ ಹೆಂಗಸು, ಮಾತು ಕಮ್ಮಿ. ಕಿಟಕಿಯ ಬಳಿ ಕೂತು ತಮ್ಮದೇ ಅಂಗಿಗಳ ಬದಿಯನ್ನು ಒಳಗೆ ಹಿಡಿದು ಹೊಲಿಯುತ್ತಿದ್ದರು. "ಒಗೆದೂ ಒಗೆದೂ ಬಟ್ಟೆ ಸಡಿಲಾಗಿಬಿಟ್ಟಿದೆ ಕಣೆ" ಎನ್ನುತ್ತಿದ್ದರು. ಕಂಡಕ್ಟರಮ್ಮನೂ ನಂಬಿದ್ದರು. ಒಂದು ಬೆಳಗ್ಗೆ ಟೈಲರಕ್ಕನ ಬೆನ್ನಿನ ಗುಂಡಿ ಹಾಕಲು ಕೈಯಿಟ್ಟರೆ ಬೆನ್ನುಮೂಳೆಯ ಗಂಟುಗಳೆಲ್ಲ ಬೆರಳಿಗೆ ಸಿಕ್ಕವು. ಸಡಿಲಾದದ್ದು ಬಟ್ಟೆಯಲ್ಲ.

ಅವತ್ತು ಮಧ್ಯಾಹ್ನ ತಮ್ಮ ಊಟ ಮರೆತು ಅವರು ಟೈಲರಕ್ಕನ ಊಟವನ್ನೇ ನೋಡಿದರು. ಆಯಾ ತಟ್ಟೆ ಇಟ್ಟು ಹೋದಳು. ಟೈಲರಕ್ಕ ಬ್ರೆಡ್ಡನ್ನು ಸೂಪಿನಲ್ಲಿ ನೆನೆಸಿ, ಬಾಯಲ್ಲಿ ಅತ್ತಿತ್ತ ಹೊರಳಿಸಿ, ಮುಖ ಕಿವುಚಿ ನುಂಗಿದರು. ಎರಡನೆಯ ತುತ್ತಿಗೆ ಕೈ ಹಾಕುವಷ್ಟರಲ್ಲಿ ಆಯಾ ವಾಪಸ್ಸು ಬಂದಳು. "ಆಯ್ತಾ ಅಜ್ಜಿ?"

"ಆಯ್ತಮ್ಮ."

ತಟ್ಟೆ ಹೋಯಿತು. ಬೇಯಿಸಿದ ಮೊಟ್ಟೆ ಇಟ್ಟದ್ದು ಇಟ್ಟ ಹಾಗೇ ಹೋಯಿತು.

"ಎಲ್ಲಿ ಆಯ್ತಕ್ಕ? ನಾನು ಕಣ್ಣಾರೆ ನೋಡ್ತಿದ್ದೆ."

"ಈ ವಯಸ್ಸಿಗೆ ಎಷ್ಟು ಬೇಕು, ಬಿಡು."

"ಬಿಡಲ್ಲ. ಹೇಳು."

ಟೈಲರಕ್ಕ ಗೋಡೆಯ ಕಡೆ ತಿರುಗಿ ಹೇಳಿದರು: "ಹಲ್ಲಿನ ಸೆಟ್ಟು ಒಸಡಿಗೆ ಒತ್ತುತ್ತೆ. ತಿನ್ನೋದು ನಿಧಾನ ಆಗುತ್ತೆ. ಆ ಹುಡುಗಿ ತಲೆ ಮೇಲೆ ನಿಂತು ಕಾಯ್ತಿದ್ರೆ ನಾಚಿಕೆ ಆಗುತ್ತೆ ಕಣೆ. ನನ್ನಿಂದ ಯಾರಿಗೂ ತೊಂದರೆ ಬೇಡ." ತೀರ ಮೆಲ್ಲಗೆ ಸೇರಿಸಿದರು: "ಹಸಿವು ಆಗುತ್ತೆ."

ಕಂಡಕ್ಟರಮ್ಮ ವಾಕರ್ ಹಿಡಿದು ನೇರ ಆಫೀಸಿಗೆ ಹೋದರು. ಅಲ್ಲಿನ ಮೇಡಂ ಕೆಟ್ಟವರೇನಲ್ಲ. ಮೂರು ಫೋನುಗಳ ನಡುವೆ ಸಿಕ್ಕಿಕೊಂಡಿದ್ದವರು.

"ಎಲ್ಲರ ತಟ್ಟೆಗೂ ಹೊತ್ತಿಗೆ ಸರಿಯಾಗಿ ಊಟ ಹೋಗ್ತಿದೆಯಲ್ಲಾ ಕಂಡಕ್ಟರಮ್ಮ?"

"ತಟ್ಟೆಗೆ ಹೋಗ್ತಿದೆ ಮೇಡಂ, ಹೊಟ್ಟೆಗೆ ಹೋಗ್ತಿಲ್ಲ."

"ವಯಸ್ಸಾದ ಮೇಲೆ ಎಲ್ಲರೂ ಸ್ವಲ್ಪ ಇಳೀತಾರೆ" ಎಂದು ಮೇಡಂ ಮತ್ತೆ ಫೋನ್ ಎತ್ತಿಕೊಂಡರು.

ಮರುದಿನ ಆಯಾ ಟೈಲರಕ್ಕನ ತಟ್ಟೆ ಎತ್ತಲು ಬಂದಾಗ ಕಂಡಕ್ಟರಮ್ಮ ಅದರ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು. "ಇಳಿಯೋರು ಇನ್ನೂ ಇಳಿದಿಲ್ಲ ತಾಯಿ. ಈಗಲೇ ರೈಟ್ ಅನ್ನಬೇಡ."

"ಬಿಡಿ ಅಜ್ಜಿ, ನನ್ನ ಕೆಲಸ ಕೆಡಿಸಬೇಡಿ!"

"ಬಿಡಲ್ಲ."

ಎಳೆದಾಟದಲ್ಲಿ ಸೂಪು ಹಾಸಿಗೆಯ ಮೇಲೆ ಚೆಲ್ಲಿತು. ಆಯಾ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು. "ನನಗೇನು ನಿಮ್ಮ ಬಾಯಿಂದ ಕಿತ್ಕೊಳ್ಳೋ ಆಸೆನಾ? ಗಂಡಸರ ವಾರ್ಡಿಗೆ ತಟ್ಟೆ ಬೇಡವಾ? ಇರೋ ತಟ್ಟೆ ಅರ್ಧಕ್ಕರ್ಧ ಒಡೆದು ಹೋಗಿವೆ. ಇವನ್ನೇ ತೊಳೆದು ಅಲ್ಲಿಗೆ ಹಾಕಬೇಕು. ತಡವಾದ್ರೆ ಅಡುಗೆಯವರು ಬೈತಾರೆ, ಅಲ್ಲಿ ತಾತಂದಿರು ಕೂಗ್ತಾರೆ."

ಒಂದು ಮನುಷ್ಯ ಜೀವ ಸವೆಯುತ್ತಿರುವುದು ತಟ್ಟೆ ಸಾಲದೆಯೇ! ಕಂಡಕ್ಟರಮ್ಮ ಆಯಾಳ ಕೈಗೆ ಒಣ ಟವೆಲ್ ಕೊಟ್ಟು, "ಅಳಬೇಡ ಮಗಾ, ನಿನ್ನ ಮೇಲೆ ರೇಗಿದ್ದು ನನ್ನದೇ ತಪ್ಪು" ಎಂದರು. ಸಂಜೆಯೇ ತಂಗಿಗೆ ಫೋನ್ ಮಾಡಿದರು. "ಅಟ್ಟದ ಮೇಲಿನ ಸ್ಟೀಲ್ ತಟ್ಟೆ ಅಷ್ಟನ್ನೂ ತಗೊಂಡು ಬಾ. ಅಕ್ಕಪಕ್ಕದೋರನ್ನೂ ಕೇಳು. ಯಾಕೆ ಅಂತ ಆಮೇಲೆ ಹೇಳ್ತೀನಿ."

ತಂಗಿ ಆಟೋದಲ್ಲಿ ಚೀಲ ಝಣಝಣಿಸುತ್ತ ಬಂದಿಳಿದಳು. ಸದ್ದಿಗೆ ಮೇಡಂ ಹೊರಗೆ ಓಡಿ ಬಂದರು. "ಇದೇನಿದು? ನಮ್ಮನ್ನ ನಾಲ್ಕು ಜನರ ಮುಂದೆ ನಗೆಪಾಟಲು ಮಾಡಬೇಕು ಅಂತಲಾ?"

"ನಗೋದು ಅಳೋದು ಆಮೇಲೆ ನೋಡೋಣ. ಮೊದಲು ಟೈಲರಕ್ಕನ್ನ ತೂಕದ ಯಂತ್ರದ ಮೇಲೆ ನಿಲ್ಲಿಸಿ ಮೇಡಂ. ಆ ಮುಳ್ಳು ಏನೂ ಹೇಳದಿದ್ರೆ ನಾನು ಇನ್ನು ತುಟಿ ಪಿಟಕ್ ಅನ್ನಲ್ಲ."

ನಿಲ್ಲಿಸಿದರು. ಮೇಡಂ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಸೇರಿದ ದಿನ ಬರೆದುಕೊಂಡ ತೂಕಕ್ಕಿಂತ ಮುಳ್ಳು ತೀರ ಕೆಳಗಿತ್ತು. ಟೈಲರಕ್ಕ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ಮೇಡಂ ಅವರ ತೋಳು ಹಿಡಿದು ಇಳಿಸಿ, "ಅಮ್ಮಾ, ಯಾಕೆ ನನಗೆ ಒಂದು ಮಾತು ಹೇಳಲಿಲ್ಲ?" ಎಂದರು.

ಆ ವಾರದಿಂದ ಒಂದೊಂದೇ ಬದಲಾಯಿತು. ತಂಗಿ ತಂದ ತಟ್ಟೆಗಳು ಅಡುಗೆಮನೆ ಸೇರಿದವು; ಒಂದು ಕಡೆಯ ತಟ್ಟೆ ತೊಳೆದು ಇನ್ನೊಂದು ಕಡೆಗೆ ಒಯ್ಯುವ ಅವಸರ ತಪ್ಪಿತು. ಭೇಟಿಗೆ ಬರುವವರಿಗೆಂದು ಬೀಗ ಹಾಕಿಟ್ಟಿದ್ದ ಹಜಾರದಲ್ಲಿ ಉದ್ದದ ಮೇಜು ಹಾಕಿ, ಎದ್ದು ಬರಬಲ್ಲವರೆಲ್ಲ ಅಲ್ಲೇ ಒಟ್ಟಿಗೆ ಉಣ್ಣತೊಡಗಿದರು. ಹಾಗಾಗಿ ಆಯಾ ಏಳಲಾರದವರ ಪಕ್ಕದಲ್ಲೇ ಕೂತು ತಿನ್ನಿಸಬಹುದಾಯಿತು. ಹಲ್ಲಿನ ಡಾಕ್ಟರು ಬಂದು ಟೈಲರಕ್ಕನ ಸೆಟ್ಟಿಗೆ ಹೊಸದಾಗಿ ಅಳತೆ ತೆಗೆದರು. ಅದು ಬರುವ ತನಕ ಅಡುಗೆಯವರು ತರಕಾರಿ ಅರೆದು ಬೆಣ್ಣೆ ಹಾಕಿ ಕೊಟ್ಟರು. ಹಜಾರದಲ್ಲಂತೂ ಗಲಾಟೆಯೋ ಗಲಾಟೆ: ಒಬ್ಬರಿಗೆ ಉಪ್ಪು ಸಾಲದು, ಒಬ್ಬರಿಗೆ ಪಕ್ಕದವರ ಚಪ್ಪರಿಕೆ ಆಗದು. ಕಂಡಕ್ಟರಮ್ಮ ನಡುವೆ ಕೂತು, "ಜಗಳ ಆಮೇಲೆ, ಮೊದಲು ತುತ್ತು ನುಂಗಿ" ಎಂದು ಗದರುತ್ತಿದ್ದರು.

ಎಲ್ಲರೂ ಉಳಿಯಲಿಲ್ಲ. ಗಂಡಸರ ವಾರ್ಡಿನ ಗಡಿಯಾರ ರಿಪೇರಿಯ ತಾತ ಹಜಾರದ ಮೇಜಿಗೆ ಬಂದು ಕೂತದ್ದು ಕೆಲವೇ ದಿನ; ಆಗಲೇ ತೀರ ಸೋತಿದ್ದರು. ಆಯಾ ಚಮಚದಲ್ಲಿ ಕೊಟ್ಟ ಹಾಲು ತುಟಿಯಂಚಿನಿಂದ ಹರಿದು ಹೋಗುತ್ತಿತ್ತು. ಅವರು ಹೋದ ದಿನ ಕಂಡಕ್ಟರಮ್ಮ ಹಜಾರದ ಬಾಗಿಲವರೆಗೂ ಬಂದು, ಅವರ ಖಾಲಿ ಕುರ್ಚಿ ನೋಡಿ ನಿಂತುಬಿಟ್ಟರು. ಇನ್ನೊಂದು ತಿಂಗಳು ಮೊದಲೇ ಬಾಯಿ ಬಿಟ್ಟಿದ್ದರೆ ಎನ್ನಿಸಿತು. ಮೂಗು ಒರೆಸಿಕೊಂಡು ಒಳಗೆ ಹೋಗಿ ಕೂತರು. ತಟ್ಟೆ ಖಾಲಿ ಮಾಡಿದರು.

ಟೈಲರಕ್ಕನ ಕೆನ್ನೆಗೆ ಮೆಲ್ಲಗೆ ಮಾಂಸ ಬಂತು. ಬಂದದ್ದು ಮಾಂಸವೊಂದೇ ಅಲ್ಲ, ಮಾತೂ ಬಂತು. ಒಂದು ಬೆಳಗ್ಗೆ ಏಳುತ್ತಲೇ ಗೊಣಗಿದರು: "ಸಂಜೆ ಐದಕ್ಕೇ ಊಟ ಹಾಕಿಬಿಟ್ರೆ ಬೆಳಗಿನ ತನಕ ಹೊಟ್ಟೆ ಕೇಳುತ್ತಾ? ರಾತ್ರಿಯೆಲ್ಲ ಗುರ್ ಅಂತಿತ್ತು."

"ನೀನೇ ಹೇಳ್ತೀಯಾ, ನಾನು ಹೇಳಲಾ?"

"ನಾನೇ ಹೇಳ್ತೀನಿ. ನೀನು ಸುಮ್ಮನೆ ಪಕ್ಕದಲ್ಲಿರು."

ಇಬ್ಬರೂ ಗೋಡೆ ಹಿಡಿದು, ವಾಕರ್ ಹಿಡಿದು ಆಫೀಸಿನತ್ತ ನಡೆದರು. ಬಾಗಿಲು ತಟ್ಟಿದ ಸದ್ದಿಗೆ ಮೇಡಂ ತಲೆಯೆತ್ತಿ ನೋಡಿ, ಫೋನ್ ಕೆಳಗಿಟ್ಟು, ಎರಡು ಕುರ್ಚಿ ಎಳೆದರು.